ಪ್ರವಾಸದ ಡೈರಿಗೆ ಮೂರು ಸಾಲು ಸಾಕಾ?

ಪ್ರಶ್ನೆ: ಸರ್, ನಾನು ಜಯನಗರದವಳು. ಬ್ಯಾಂಕ್ ಕೆಲಸದಿಂದ ಈ ವರ್ಷ ನಿವೃತ್ತಿ ಆಯಿತು. ಡಿಸೆಂಬರ್ ಕೊನೆಗೆ ನಾನು, ನಮ್ಮ ಯಜಮಾನರು ಯಶವಂತಪುರದಿಂದ ಹಗಲು ರೈಲಿನಲ್ಲಿ ಸುಬ್ರಹ್ಮಣ್ಯಕ್ಕೆ ಹೋಗಿ, ಅಲ್ಲಿಂದ ಮಂಗಳೂರು, ಉಡುಪಿ ನೋಡಿಕೊಂಡು ಬರುವವರಿದ್ದೇವೆ. ಪ್ರತಿ ಸಲ ಊರು ಬಿಟ್ಟಾಗ ಡೈರಿ ಬರೆಯುತ್ತೇನೆ. ಬಂದು ಓದಿದರೆ ಬರೀ ‘ಏಳಕ್ಕೆ ಎದ್ದೆವು, ಇಡ್ಲಿ ತಿಂದೆವು, ದರ್ಶನ ಚೆನ್ನಾಗಿ ಆಯಿತು’ ಅಷ್ಟೇ ಇರುತ್ತದೆ. ಜಪಾನಿನಲ್ಲಿ ಹೈಕು ಅನ್ನುವ ಮೂರು ಸಾಲಿನ ಪದ್ಯ ಸೇರಿಸಿ ಪ್ರವಾಸದ ಡೈರಿ ಬರೆಯುತ್ತಿದ್ದರಂತೆ. ಕನ್ನಡದಲ್ಲಿ ಹಾಗೆ ಬರೆಯಬಹುದಾ? 5-7-5 ಅಂದರೆ ಅಕ್ಷರವೋ ಮಾತ್ರೆಯೋ? ಅಲ್ಲೇ ಕೂತು ಬರೆಯಬೇಕಾ, ಮನೆಗೆ ಬಂದ ಮೇಲಾ? ಯಜಮಾನರು ಬೇರೆ ನಗುತ್ತಾರೆ. ಅವರು ಮೊಬೈಲಿನಲ್ಲಿ ರೈಲಿನ ಟೈಮು, ಆಟೋ ಖರ್ಚು ಎಲ್ಲ ಬರೆದಿಡುತ್ತಾರೆ. ‘ಡೈರಿ ಅಂದರೆ ಇದು’ ಅನ್ನುತ್ತಾರೆ.

ಉತ್ತರ: ನಿಮ್ಮ ಇಡ್ಲಿಯಲ್ಲಿ ತಪ್ಪೇನಿಲ್ಲ ಮೇಡಂ. ಇಡ್ಲಿ ತಿಂದದ್ದನ್ನು ಬರೆದದ್ದು ಸರಿಯೇ. ಆದರೆ ಎಂಥ ಇಡ್ಲಿ? ತಟ್ಟೆ ಇಡ್ಲಿಯಾ? ಚಟ್ನಿ ಫ್ರಿಜ್ಜಿನಿಂದ ಆಗ ತಾನೇ ತೆಗೆದ ಹಾಗೆ ತಣ್ಣಗಿತ್ತಾ? ಬಡಿಸಿದ ಹುಡುಗನ ಬೆರಳಿಗೆ ಬ್ಯಾಂಡೇಜ್ ಇತ್ತಾ? ಅಂಥ ಒಂದೇ ಒಂದು ವಿಷಯ ಡೈರಿಯಲ್ಲಿ ಇಲ್ಲದ್ದರಿಂದ, ಎರಡು ವರ್ಷ ಬಿಟ್ಟು ಓದಿದಾಗ ಮಧುರೆಯ ಇಡ್ಲಿಗೂ ಮದ್ದೂರಿನ ಇಡ್ಲಿಗೂ ವ್ಯತ್ಯಾಸ ಕಾಣುವುದಿಲ್ಲ. ಹೈಕು ಆಮೇಲಿನ ಮಾತು. ಮೊದಲು ಆ ಬ್ಯಾಂಡೇಜ್ ಕಣ್ಣಿಗೆ ಬೀಳಬೇಕು.

ಇನ್ನು ಕನ್ನಡದಲ್ಲಿ ಬರೆಯಬಹುದಾ ಅಂದರೆ, ಧಾರಾಳವಾಗಿ. ಗದ್ಯದ ನಡುವೆ ಪದ್ಯ ಬರುವುದು ನಮಗೇನು ಹೊಸದಲ್ಲ. ಶಾಲೆಯಲ್ಲಿ ಚಂಪೂ ಕಾವ್ಯ ಅಂತ ಓದಿರುತ್ತೀರಿ. ಪಂಪ ತನ್ನ ಎರಡೂ ಕಾವ್ಯಗಳನ್ನು ಹಾಗೆ ಬರೆದದ್ದು ಸುಮಾರು 941ರಲ್ಲಿ. ಅದಕ್ಕೆ ಬರೀ ಆರು ವರ್ಷ ಮೊದಲು, 935ರ ಹೊತ್ತಿಗೆ, ಜಪಾನಿನಲ್ಲಿ ಕಿ ನೊ ತ್ಸುರಯುಕಿ ಅನ್ನುವ ಕವಿ ‘ತೋಸಾ ನಿಕ್ಕಿ’ ಬರೆದ. ನಿಕ್ಕಿ ಅಂದರೆ ಡೈರಿ. ತೋಸಾ ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದವನು ಅವಧಿ ಮುಗಿಸಿ ದೋಣಿಯಲ್ಲಿ ರಾಜಧಾನಿಗೆ ವಾಪಸ್ ಹೊರಟ 55 ದಿನಗಳ ಕಥೆ ಅದು. ಗದ್ಯದ ಮಧ್ಯೆ ಮಧ್ಯೆ ಐದು ಸಾಲಿನ ಪದ್ಯಗಳು. ಆಗ ಗಂಡಸರು ಡೈರಿಯನ್ನು ಚೀನೀ ಭಾಷೆಯಲ್ಲಿ ಬರೆಯುತ್ತಿದ್ದರು, ನಮ್ಮ ಆಫೀಸುಗಳಲ್ಲಿ ಇಂಗ್ಲಿಷ್ ಇದ್ದ ಹಾಗೆ. ಮನೆಮಾತಿನಲ್ಲಿ ಬರೆಯಬೇಕು ಅನ್ನಿಸಿದ್ದಕ್ಕೆ ಈತ ಒಬ್ಬ ಹೆಂಗಸು ಬರೆಯುತ್ತಿರುವ ಹಾಗೆ ವೇಷ ಹಾಕಿದ. ಹೊರಗಿನಿಂದ ನೋಡಿದರೆ ಗಾಳಿ ಸರಿಯಿಲ್ಲ, ದೋಣಿ ಹೊರಡಲಿಲ್ಲ ಅನ್ನುವ ಗೊಣಗಾಟ. ಒಳಗೆ ಇರುವುದು ತೋಸಾದಲ್ಲೇ ತೀರಿಹೋದ ಮಗಳ ನೆನಪು. ದಡ ಬಿಡುವಾಗ ಎಲ್ಲರೂ ಇದ್ದಾರೆ, ಅವಳೊಬ್ಬಳು ಇಲ್ಲ. ಪ್ರವಾಸದ ಡೈರಿ ಅಂದರೆ ಪ್ರೇಕ್ಷಣೀಯ ಸ್ಥಳಗಳ ಪಟ್ಟಿ ಅಲ್ಲ ಅನ್ನುವುದು ಅಲ್ಲಿಂದಲೇ ಶುರು.

ನೀವು ಕೇಳಿರುವ ಬಗೆಗೆ ಹೈಬುನ್ ಅಂತ ಹೆಸರು. ಚಿಕ್ಕ ಗದ್ಯ, ಅದರ ಪಕ್ಕ ಹೈಕು. ಇದನ್ನು ದೊಡ್ಡ ಮಟ್ಟಕ್ಕೆ ಒಯ್ದವನು ಮತ್ಸುವೊ ಬಾಶೋ (1644–1694). 1689ರಲ್ಲಿ ಮನೆ ಬೇರೆಯವರಿಗೆ ಬಿಟ್ಟುಕೊಟ್ಟು, ಸೋರಾ ಅನ್ನುವ ಶಿಷ್ಯನ ಜೊತೆ ಉತ್ತರಕ್ಕೆ ಹೊರಟ. ಸುಮಾರು ಐದು ತಿಂಗಳು, ಹತ್ತಿರ ಹತ್ತಿರ 2400 ಕಿಲೋಮೀಟರ್, ಹೆಚ್ಚಿನದು ನಡಿಗೆ. ಅದರಿಂದ ಬಂದ ‘ಓಕು ನೊ ಹೋಸೊಮಿಚಿ’ ಒಂದು ಸಣ್ಣ ಪುಸ್ತಕ. ಐದು ತಿಂಗಳ ಅಲೆದಾಟವನ್ನು ಒಂದು ಮಧ್ಯಾಹ್ನ ಕೂತು ಓದಿ ಮುಗಿಸಬಹುದು.

ಈಗ ಲೆಕ್ಕದ ವಿಷಯ. ಬ್ಯಾಂಕಿನವರಲ್ವಾ, ಲೆಕ್ಕದಲ್ಲಿ ಅನುಮಾನ ಉಳಿಯಬಾರದು!

ಜಪಾನೀಯರು ಎಣಿಸುವುದು ‘ಓನ್’ ಅನ್ನುವ ದನಿಯ ಅಳತೆಯನ್ನು. ಹೈಕುವಿಗೆ 5-7-5, ಒಟ್ಟು 17. ಈ ಓನ್ ನಮ್ಮ ಅಕ್ಷರ ಅಲ್ಲ. ದೀರ್ಘ ಸ್ವರಕ್ಕೆ ಎರಡು, ‘ಕ್ಕ’, ‘ಪ್ಪ’ ಥರದ ಒತ್ತಿಗೆ ಒಂದು ಜಾಸ್ತಿ, ಕೊನೆಯ ‘ನ್’ಗೂ ಒಂದು. ನಾವು ತೋಕ್ಯೋ ಅಂತ ಎರಡು ಅಕ್ಷರ ಬರೆಯುತ್ತೇವೆ, ಅವರಿಗೆ ಅದು ನಾಲ್ಕು. ನಿಪ್ಪೊನ್ ಕೂಡ ನಾಲ್ಕು. ಇದು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಲಘುವಿಗೆ ಒಂದು, ಗುರುವಿಗೆ ಎರಡು. ‘ಅಕ್ಕ’ ಅಂದರೆ ನಮ್ಮ ಛಂದಸ್ಸಿನಲ್ಲಿ ಮೂರು ಮಾತ್ರೆ. ಅದೇ ದನಿಯನ್ನು ಜಪಾನೀಯರೂ ಮೂರು ಅಂತಲೇ ಎಣಿಸುತ್ತಾರೆ. ಹಾಗಾಗಿ ಶಾಸ್ತ್ರದ ಪ್ರಕಾರ ಓನ್‌ಗೆ ಹತ್ತಿರದ್ದು ಮಾತ್ರೆಯೇ.

ಆದರೆ ಮಾತ್ರೆ ಹಿಡಿದು ಬರೆಯಲು ಕೂತರೆ ಸಿಕ್ಕಿಹಾಕಿಕೊಳ್ಳುತ್ತೀರಿ. ‘ಮಳೆ ನಿಂತ ಮೇಲೆ’ ಅನ್ನುವಷ್ಟರಲ್ಲೇ ಎಂಟು ಮಾತ್ರೆ ಖರ್ಚಾಯಿತು, ಇನ್ನೂ ಏನೂ ಹೇಳಿಯೇ ಇಲ್ಲ. ಅದಕ್ಕೇ ಕನ್ನಡದಲ್ಲಿ ಬರೆಯುವವರು ಸಾಮಾನ್ಯವಾಗಿ ಅಕ್ಷರ ಎಣಿಸುತ್ತಾರೆ. ಎಣಿಸಲಿ, ಬೇಡ ಅನ್ನುವುದಿಲ್ಲ. ನಾನಂತೂ ಎಣಿಸುವುದು ಬಿಟ್ಟು ತುಂಬಾ ವರ್ಷ ಆಯಿತು. ಚಿಕ್ಕದು, ಸ್ವಲ್ಪ ಉದ್ದ, ಮತ್ತೆ ಚಿಕ್ಕದು. ಒಂದೇ ಉಸಿರಿಗೆ ಹೇಳಿ ಮುಗಿಯಬೇಕು. ನಡುವೆ ಎಲ್ಲಾದರೂ ಒಂದು ಕಡೆ ತಡೆಯಬೇಕು. ನನ್ನ ಲೆಕ್ಕ ಇಷ್ಟೇ. ಆ ತಡೆಗೆ ಅವರಲ್ಲಿ ‘ಯಾ’, ‘ಕಾನಾ’, ‘ಕೇರಿ’ ಅಂತ ಮೀಸಲು ಪದಗಳೇ ಇವೆ. ನಮಗೆ ಒಂದು ಅಡ್ಡಗೆರೆ ಸಾಕು.

ಎಣಿಕೆ ಸರಿ ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ ಅನ್ನುವುದಕ್ಕೆ ನನ್ನದೇ ಒಂದು ಉದಾಹರಣೆ. ನೀವು ಹೋಗುವ ದಾರಿಯದ್ದೇ. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ. ರೈಲು ನಿಧಾನಕ್ಕೆ ಇಳಿಯುತ್ತದೆ. ಒಂದು ಜನವರಿಯಲ್ಲಿ ಹೋಗುತ್ತಿದ್ದಾಗ ಮೊದಲ ಸುರಂಗಕ್ಕೇ ನಾನು ಭಾವುಕನಾಗಿ ಬರೆದದ್ದು ಇದು:

ಕತ್ತಲೆಯಲ್ಲಿ
ಬದುಕಿನ ಸುರಂಗ
ಬೆಳಕೇ ಗುರಿ

ಎಣಿಸಿ ನೋಡಿ, ಅಕ್ಷರ ಕರಾರುವಾಕ್ಕಾಗಿ 5-7-5. ಆದರೆ ಇದನ್ನು ಬರೆಯಲು ರೈಲು ಹತ್ತಬೇಕಾಗಿಯೇ ಇರಲಿಲ್ಲ. ಆಟೋ ಹಿಂದೆ ಬರೆಸಬಹುದು. ಎಂಟನೆಯದೋ ಹತ್ತನೆಯದೋ ಸುರಂಗದ ಹೊತ್ತಿಗೆ ನನಗೇ ನಾಚಿಕೆಯಾಗಿ ಹೊಡೆದುಹಾಕಿ, ಎದುರಿಗೆ ಆದದ್ದನ್ನು ಬರೆದೆ:

ಸುರಂಗ ಬಂತು
ಮಕ್ಕಳೆಲ್ಲ ಕೂಗಿದ್ರು
ಮತ್ತೆ ಬೆಳಕು

ಇದು ಪರವಾಗಿಲ್ಲ, ನಿಜ ಹೇಳುತ್ತದೆ. ಪ್ರತಿ ಸುರಂಗಕ್ಕೂ ಮಕ್ಕಳು ಕಿರುಚುವುದು ಆ ದಾರಿಯಲ್ಲಿ ಇದ್ದೇ ಇದೆ, ನೀವೂ ಕೇಳುತ್ತೀರಿ. ಆದರೆ ಇದು ಸುದ್ದಿ. ಬಂತು, ಕೂಗಿದರು, ಹೋಯಿತು. ಓದಿದವರಿಗೆ ಮಾಡಲು ಏನೂ ಉಳಿಯಲಿಲ್ಲ. ಆಮೇಲೆ ಒಂದು ಉದ್ದದ ಸುರಂಗದಲ್ಲಿ ಯಾರೋ ಕಿತ್ತಳೆ ಸುಲಿದರು. ಯಾರು ಅಂತ ಕಾಣಲಿಲ್ಲ, ವಾಸನೆ ಮಾತ್ರ ಬಂತು. ನೋಟ್‌ಬುಕ್ಕಿನಲ್ಲಿ ಕತ್ತಲಲ್ಲೇ ‘ಕಿತ್ತಳೆ’ ಅಂತ ಗೀಚಿದೆ. ಅವತ್ತು ರಾತ್ರಿ ಲಾಡ್ಜಿನಲ್ಲಿ ಬರೆದದ್ದು:

ಸುರಂಗದಲ್ಲಿ
ಯಾರೋ ಸುಲಿಯುತಿರೆ
ಕಿತ್ತಳೆ ಹಣ್ಣು

ಮತ್ತೆ 5-7-5 ಸರಿಯಾಗಿದೆ. ಸರಿ ಮಾಡಲು ಏನೇನು ಕಳ್ಳತನ ಮಾಡಿದ್ದೇನೆ ನೋಡಿ. ‘ಸುಲಿಯುತಿರೆ’ ಅಂತ ಯಾರು ಮಾತಾಡುತ್ತಾರೆ? ಏಳು ಆಗಬೇಕು ಅಂತ ಹಳೆಯ ಪೆಟ್ಟಿಗೆಯಿಂದ ತೆಗೆದ ಪದ ಅದು. ಕಿತ್ತಳೆ ಅಂದ ಮೇಲೆ ‘ಹಣ್ಣು’ ಯಾಕೆ? ಐದು ಆಗಬೇಕಲ್ಲ, ಅದಕ್ಕೆ. ಇವೆರಡಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಕತ್ತಲಲ್ಲಿ ಸುಲಿಯುವುದು ನನಗೆ ಕಂಡದ್ದು ಹೇಗೆ? ನನಗೆ ತಲುಪಿದ್ದು ವಾಸನೆ. ಅದೇ ಪದ್ಯದಲ್ಲಿ ಇಲ್ಲ. ಬೆಂಗಳೂರಿಗೆ ಬಂದು ಎರಡು ವಾರ ಆದ ಮೇಲೆ ಹೀಗಾಯಿತು:

ಸುರಂಗ—
ಯಾರೋ ಕಿತ್ತಳೆ ಸುಲಿದ
ವಾಸನೆ

ಅಕ್ಷರ 3-8-3. ಇಟ್ಟುಕೊಂಡದ್ದು ಇದನ್ನೇ. ಕತ್ತಲು ಅನ್ನುವ ಪದ ಇಲ್ಲ, ಬೇಕಾಗಿಲ್ಲ. ‘ಯಾರೋ’ ಅಂದರೆ ಸಾಕು, ಕಾಣುತ್ತಿಲ್ಲ ಅಂತ ಗೊತ್ತಾಗುತ್ತದೆ. ಕಿತ್ತಳೆ ಬಂದದ್ದರಿಂದ ಚಳಿಗಾಲ ಅಂತಲೂ ಗೊತ್ತಾಗುತ್ತದೆ.

ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ತೊಂದರೆ ಇದೆ. ನಾವು ಚುಟುಕ, ಹನಿಗವನ ಕೇಳಿಕೊಂಡು ಬೆಳೆದವರು. ದಿನಕರ ದೇಸಾಯಿಯವರ ನಾಲ್ಕು ಸಾಲು, ಡುಂಡಿರಾಜರ ಪದಗಳ ಆಟ, ಎರಡೂ ನನಗೆ ಇಷ್ಟ. ಅಲ್ಲಿ ಕೊನೆಯ ಸಾಲು ಬಂದು ಚಟಾರನೆ ಹೊಡೆಯಬೇಕು. ಹೈಕುವಿನಲ್ಲಿ ಹಾಗೆ ಹೊಡೆದರೆ ಕೆಟ್ಟಿತು. ಕೊನೆಯ ಸಾಲಿನಲ್ಲಿ ಬಾಗಿಲು ಹಾಕಬೇಡಿ, ಸ್ವಲ್ಪ ತೆಗೆದಿಡಿ. ಬರೆದು ಮುಗಿಸಿದಾಗ ‘ಹೆಂಗೆ!’ ಅಂತ ನಿಮಗೇ ಅನ್ನಿಸಿತು ಅಂದರೆ, ಅದು ಹನಿಗವನ ಆಗಿದೆ. ಬೇರೆ ನೋಟ್‌ಬುಕ್ಕಿಗೆ ಹಾಕಿ. ಹಾಗೆಯೇ ‘ಬದುಕು’, ‘ಪಯಣ’, ‘ಮೌನ’ ಈ ಮೂರು ಪದಗಳನ್ನು ಪ್ರವಾಸ ಮುಗಿಯುವವರೆಗೆ ಮನೆಯಲ್ಲೇ ಬಿಟ್ಟು ಹೋಗಿ ಅಂತ ನನ್ನ ಹತ್ತಿರ ಕಲಿಯಲು ಬಂದವರಿಗೆಲ್ಲ ಹೇಳುತ್ತೇನೆ. ಯಾರೂ ಬಿಟ್ಟು ಹೋಗುವುದಿಲ್ಲ, ಅದು ಬೇರೆ ಮಾತು.

ತೊಂದರೆ ಹೇಳಿದ ಮೇಲೆ ಲಾಭವನ್ನೂ ಹೇಳಬೇಕು. ಇಂಗ್ಲಿಷ್ ಅನುವಾದ ಓದಿ ಹೈಕು ಕಲಿಯುವವರು ಒಂದು ವಿಷಯ ಗಮನಿಸುವುದಿಲ್ಲ. ಜಪಾನೀ ವಾಕ್ಯ ನಡೆಯುವುದು ನಮ್ಮ ವಾಕ್ಯದ ಹಾಗೆಯೇ. ಬಾಶೋ ಯಾಮಾದೆರಾ ಅನ್ನುವ ಬೆಟ್ಟದ ಗುಡಿಯಲ್ಲಿ ಬರೆದ ಪದ್ಯದ ಕೊನೆಯ ಎರಡು ಸಾಲು ‘ಇವಾ ನಿ ಶಿಮಿಇರು / ಸೆಮಿ ನೊ ಕೊಎ’. ಇವಾ ಅಂದರೆ ಬಂಡೆ, ನಿ ನಮ್ಮ ‘ಗೆ’, ಶಿಮಿಇರು ಅಂದರೆ ಇಂಗುವ, ಸೆಮಿ ಜೀರುಂಡೆ, ನೊ ನಮ್ಮ ‘ಯ’, ಕೊಎ ದನಿ. ಪದದ ಮುಂದೆ ಪದ ಇಟ್ಟುಕೊಂಡು ಹೋದರೆ ‘ಬಂಡೆಗೆ ಇಂಗುವ ಜೀರುಂಡೆಯ ದನಿ’. ಒಂದನ್ನೂ ಅದಲುಬದಲು ಮಾಡಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಇದನ್ನು ತಲೆಕೆಳಗು ಮಾಡಬೇಕು, ದನಿ ಮೊದಲು ಬಂದುಬಿಡುತ್ತದೆ. ನಮಗೆ ದನಿ ಕೊನೆಯಲ್ಲೇ ಕೇಳುತ್ತದೆ, ಅವರಿಗೆ ಕೇಳುವ ಹಾಗೆ. ‘ನಾನು’ ಅನ್ನುವುದನ್ನು ಬಿಟ್ಟು ಮಾತಾಡುವುದೂ ಎರಡು ಭಾಷೆಗೂ ಸಲೀಸು. ‘ನಾನು ನೋಡಿದೆ, ನಾನು ನಿಂತೆ’ ಅಂತ ಬರೆಯಬೇಡಿ. ‘ನಿಂತೆ’ ಅಂದರೆ ನಾನೇ ತಾನೇ?

ಹಾಡಿಗೆ ಒಂದು ತಾಳ ಇದ್ದ ಹಾಗೆ ಹೈಕುವಿಗೆ ಒಂದು ಋತು ಇರಬೇಕು. ಕಪ್ಪೆ ಅಂದರೆ ವಸಂತ, ಜೀರುಂಡೆ ಅಂದರೆ ಬೇಸಿಗೆ, ಚಂದ್ರ ಅಂದರೆ ಶರತ್ಕಾಲ ಅಂತ ಅವರಲ್ಲಿ ಲೆಕ್ಕ ಇದೆ. ಇಂಥ ಪದಕ್ಕೆ ಕಿಗೊ ಅನ್ನುತ್ತಾರೆ. ಅವುಗಳದ್ದೇ ಕೋಶ ಇದೆ, ಸೈಜಿಕಿ ಅಂತ. ಅದನ್ನು ಹಾಗೆಯೇ ತಂದು ಚೆರ್ರಿ ಹೂವು, ಹಿಮ ಅಂತ ಜಯನಗರದಲ್ಲಿ ಕೂತು ಬರೆಯುವವರನ್ನು ನೋಡಿದ್ದೇನೆ. ಪಾಪ. ನಮ್ಮ ರೈತರು ಬಾಯಲ್ಲೇ ಒಂದು ಸೈಜಿಕಿ ಇಟ್ಟುಕೊಂಡಿದ್ದಾರೆ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಹುಬ್ಬ, ಹಸ್ತ, ಸ್ವಾತಿ. ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ, ಒಂದೊಂದಕ್ಕೂ ಗುಣ ಬೇರೆ, ಗಾದೆ ಬೇರೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಅಂದಾಗ ತಿಂಗಳು, ಬೆಳೆ, ಆಸೆ ಮೂರೂ ಬಂತು. ಬೆಂಗಳೂರಿನವರಿಗೂ ಇದೆ. ಮಾರ್ಚ್ ಹೊತ್ತಿಗೆ ಫುಟ್‌ಪಾತಿನ ಮೇಲೆ ಉದುರುವ ಹೊಂಗೆ ಹೂವು, ಆಮೇಲೆ ಗುಲ್‌ಮೊಹರ್, ಕರಗದ ಹುಣ್ಣಿಮೆ, ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ನೀವು ಹೊರಡುವುದು ಸೊಗಡು ಅವರೆಕಾಯಿ ಕಾಲದಲ್ಲಿ. ಕೈಯಲ್ಲಿ ಅದರ ವಾಸನೆ ಇಟ್ಟುಕೊಂಡೇ ರೈಲು ಹತ್ತುತ್ತೀರಿ. ಕಿಗೊ ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ.

ಈಗ ಗದ್ಯ. ಹೈಬುನ್‌ನಲ್ಲಿ ಜನ ಜಾಸ್ತಿ ಎಡವುವುದು ಇಲ್ಲೇ. ಗದ್ಯದಲ್ಲಿ ಹೇಳಿದ್ದನ್ನೇ ಪದ್ಯದಲ್ಲಿ ಇನ್ನೊಂದು ಸಲ ಹೇಳುತ್ತಾರೆ, ಫೋಟೋ ಕೆಳಗೆ ‘ಇದು ನಾನು’ ಅಂತ ಬರೆದ ಹಾಗೆ. ಪದ್ಯ ಗದ್ಯದ ಸಾರಾಂಶ ಅಲ್ಲ. ಅದು ಒಂದು ಹೆಜ್ಜೆ ಪಕ್ಕಕ್ಕೆ ಇಡಬೇಕು. ಎಷ್ಟು ಪಕ್ಕಕ್ಕೆ ಅನ್ನುವುದೇ ಕಲೆ. ತುಂಬಾ ಹತ್ತಿರ ಇಟ್ಟರೆ ಅದೇ ಮಾತು, ತುಂಬಾ ದೂರ ಇಟ್ಟರೆ ಒಗಟು. ನನ್ನ ಡೈರಿಯ ಒಂದು ತುಣುಕು ನೋಡಿ:

‘ಊರಿನ ಮನೆಯ ಸಾಮಾನು ಖಾಲಿ ಮಾಡಿದೆವು. ಅಟ್ಟದ ಮೇಲಿದ್ದ ತಾಮ್ರದ ಹಂಡೆ ಯಾರಿಗೂ ಬೇಡವಾಯಿತು. ಬೀಗದ ಕೈ ಪಕ್ಕದ ಮನೆಗೆ ಕೊಟ್ಟು ಮೂರೂವರೆ ಬಸ್ಸಿಗೆ ಹೊರಟೆವು. ಮೊದಲ ಸೀಟು ಸಿಕ್ಕಿತು. ತಿಪಟೂರು ಬರುವವರೆಗೆ ಅಣ್ಣ ಮಾತಾಡಲಿಲ್ಲ, ನಾನೂ ಇಲ್ಲ.

ಆರಿದ್ರಾ ಮಳೆ—
ವೈಪರ್ ಒರೆಸಿದ ಜಾಗ
ಮತ್ತೆ ಒದ್ದೆ’

ಮೊದಲು ನಾನು ಇದಕ್ಕೆ ಹಂಡೆಯ ಮೇಲೆ ಒಂದು, ಬೀಗದ ಮೇಲೆ ಒಂದು ಹೈಕು ಬರೆದಿದ್ದೆ. ಎರಡೂ ಅಳುತ್ತಿದ್ದವು. ಬೀಗ ಗದ್ಯದಲ್ಲಿ ಬಂದಾಗಿದೆ, ಪದ್ಯಕ್ಕೆ ಅದು ಬೇಡ. ವೈಪರ್ ಬರೀ ವೈಪರ್. ಉಳಿದದ್ದನ್ನು ಮಧ್ಯದ ಖಾಲಿ ಜಾಗ ನೋಡಿಕೊಳ್ಳುತ್ತದೆ. ಗದ್ಯ ಎಷ್ಟಿರಬೇಕು ಅಂದರೆ, ದಿನಕ್ಕೆ ಐದಾರು ಸಾಲು ಸಾಕು. ಅದೂ ಸಪ್ಪೆಯಾಗಿಯೇ ಇರಲಿ. ಗದ್ಯದಲ್ಲೇ ಒಗ್ಗರಣೆ ಜಾಸ್ತಿ ಹಾಕಿದರೆ ಪದ್ಯದ ರುಚಿ ಹೋಗುತ್ತದೆ. ಪ್ರತಿ ದಿನಕ್ಕೂ ಹೈಕು ಬೇಕು ಅಂತಲೂ ಇಲ್ಲ. ಮತ್ಸುಶಿಮಾ ಅನ್ನುವ ದ್ವೀಪಗಳ ಜಾಗ ನೋಡಬೇಕು ಅಂತ ಬಾಶೋ ಹೊರಡುವ ಮೊದಲೇ ಕನಸು ಕಂಡಿದ್ದ. ಅಲ್ಲಿಗೆ ಹೋದ ಮೇಲೆ ಪುಸ್ತಕದಲ್ಲಿ ಅವನದ್ದು ಒಂದು ಪದ್ಯವೂ ಇಲ್ಲ. ಗದ್ಯದಲ್ಲಿ ಬಣ್ಣಿಸಿ, ಸೋರಾನ ಒಂದು ಪದ್ಯ ಹಾಕಿ, ತಾನು ಸುಮ್ಮನಾಗಿದ್ದಾನೆ.

ಹೆಸರಾದ ಜಾಗಗಳ ಕಷ್ಟವೇ ಅದು. ಹಿಂದಿನ ಕವಿಗಳು ಹಾಡಿ ಹಾಡಿ ಹೆಸರಲ್ಲೇ ಕವಿತೆ ತುಂಬಿಕೊಂಡ ಊರುಗಳಿಗೆ ಜಪಾನಿನಲ್ಲಿ ಉತಾಮಕುರಾ ಅನ್ನುತ್ತಾರೆ. ನಮಗೆ ಪಂಪನ ಬನವಾಸಿ ಹಾಗೆ. ನೀವು ಹೋಗುವ ಉಡುಪಿಯಲ್ಲಿ ಕನಕನ ಕಿಂಡಿ ಹಾಗೆ. ಅಲ್ಲಿ ನಿಂತು ಭಕ್ತಿ, ಜಾತಿ, ಕೃಷ್ಣ ತಿರುಗಿದ್ದು ಎಲ್ಲ ಮೂರು ಸಾಲಿಗೆ ತುರುಕಲು ಹೋಗಬೇಡಿ. ಹೆಸರು ಹೇಳಿದರೆ ಆ ಕಥೆಯೆಲ್ಲ ತಾನಾಗಿ ಬರುತ್ತದೆ. ಮಿಕ್ಕ ಎರಡು ಸಾಲು ಅವತ್ತು ನಿಮ್ಮ ಎದುರಿಗೆ ಆದದ್ದಕ್ಕೆ ಇಟ್ಟುಕೊಳ್ಳಿ. ನನಗೆ ಸಿಕ್ಕಿದ್ದು ಇಷ್ಟು:

ಕನಕನ ಕಿಂಡಿ—
ನನ್ನ ಮುಂದಿನ ಮಗುವಿಗೆ
ಎಟುಕಲಿಲ್ಲ

ಅಲ್ಲೇ ಬರೆಯಬೇಕಾ, ಮನೆಯಲ್ಲಾ? ಅಲ್ಲಿ ಗುರುತು ಹಾಕಿಕೊಳ್ಳಿ, ಮನೆಯಲ್ಲಿ ಬರೆಯಿರಿ. ಬಾಶೋ 1689ರಲ್ಲಿ ನಡೆದದ್ದನ್ನು 1694ರವರೆಗೆ, ಅಂದರೆ ತಾನು ಸಾಯುವ ವರ್ಷದವರೆಗೆ, ತಿದ್ದುತ್ತಲೇ ಇದ್ದ. ಪುಸ್ತಕ ಅಚ್ಚಾದದ್ದು 1702ರಲ್ಲಿ. ಆಗಲೇ ಹೇಳಿದ ಜೀರುಂಡೆ ಪದ್ಯದ ಮೊದಲ ಸಾಲಿನಲ್ಲಿ ಶುರುವಿಗೆ ಇದ್ದದ್ದು ಬೆಟ್ಟದ ಗುಡಿಯ ಹೆಸರು. ಆಮೇಲೆ ಅದು ‘ಒಂಟಿತನ’ ಆಯಿತು. ಕೊನೆಗೆ ‘ನಿಶ್ಶಬ್ದ’ ಅಂತ ನಿಂತಿತು. ಇನ್ನೊಂದು ಇದಕ್ಕಿಂತ ಚೆಂದ. ಮೊಗಾಮಿ ನದಿಯ ದಡದ ಮನೆಯಲ್ಲಿ ಕೂತಾಗ, ಮಳೆಗಾಲದ ನೀರನ್ನೆಲ್ಲ ಸೇರಿಸಿಕೊಂಡ ನದಿ ಎಷ್ಟು ‘ತಂಪು’ ಅಂತ ಬರೆದ. ಕರೆದವರ ಮನೆ, ನಾಲ್ಕು ಒಳ್ಳೆ ಮಾತು ಆಡಬೇಕಲ್ಲ. ಆಮೇಲೆ ಅದೇ ನದಿಯಲ್ಲಿ ದೋಣಿ ಹತ್ತಿದ. ಜೀವ ಬಾಯಿಗೆ ಬಂದಿರಬೇಕು. ಪುಸ್ತಕದಲ್ಲಿ ‘ತಂಪು’ ಹೋಗಿ ‘ರಭಸ’ ಆಗಿದೆ. ಒಂದೇ ಪದ. ದಡದಲ್ಲಿ ಕೂತವನ ನದಿ ದೋಣಿಯಲ್ಲಿ ಇರುವವನ ನದಿ ಆಯಿತು.

ಗುರುತು ಹಾಕಿಕೊಳ್ಳುವುದು ಅಂದರೆ ಪದ್ಯ ಬರೆಯುವುದಲ್ಲ. ‘ಕಿತ್ತಳೆ ವಾಸನೆ’, ‘ಕೆಂಪು ಕೊಡೆ, ಒಂದು ಕಡ್ಡಿ ಮುರಿದಿದೆ’, ‘ಚಹಾ ಮಾರುವವನಿಗೆ ಶೀತ’, ಇಷ್ಟೇ. ಏನನ್ನಿಸಿತು ಅಂತ ಬರೆಯಬೇಡಿ, ಅದು ಮನೆಗೆ ಬಂದ ಮೇಲೂ ನೆನಪಿರುತ್ತದೆ. ಕೊಡೆಯ ಕಡ್ಡಿ ನೆನಪಿರುವುದಿಲ್ಲ. ಪೆನ್ಸಿಲ್ ಒಯ್ಯಿರಿ. ನಾನು ಒಂದು ಜುಲೈಯಲ್ಲಿ ಆಗುಂಬೆಗೆ ಜೆಲ್ ಪೆನ್ ಒಯ್ದು, ಮೂರು ದಿನದ ಟಿಪ್ಪಣಿ ಒಂದೇ ನೀಲಿ ಕಲೆಯಾಗಿ ವಾಪಸ್ ತಂದಿದ್ದೇನೆ. ಅದರಲ್ಲಿ ಓದಲು ಬರುವುದು ಹೋಟೆಲಿನವನಿಂದ ಪೆನ್ಸಿಲ್ ಇಸಕೊಂಡು ಬರೆದ ಎರಡು ಸಾಲು ಮಾತ್ರ.

ಜಪಾನಿನ ಇನ್ನೆರಡು ಬಗೆಯ ಚಿಕ್ಕ ಪದ್ಯಗಳೂ ಡೈರಿಗೆ ಒಗ್ಗುತ್ತವೆ, ತಂಕಾ ಮತ್ತು ಸೆನ್ರ್ಯೂ. ಅವುಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಸೆನ್ರ್ಯೂ ಹೈಕುವಿನ ಅಳತೆಯದ್ದೇ, ಆದರೆ ಮನುಷ್ಯರ ಮೇಲೆ, ಸ್ವಲ್ಪ ಕೀಟಲೆ. ಚಿಲ್ಲರೆಗೆ ಜಗಳ, ಕಿಟಕಿ ಸೀಟಿಗೆ ಮುನಿಸು, ಎಲ್ಲ ಅದಕ್ಕೆ ಸೇರುತ್ತದೆ. ಋತು ಬೇಕಾಗಿಲ್ಲ. ನಿಮ್ಮ ಯಜಮಾನರು ಜೊತೆಗೆ ಇರುವುದರಿಂದ ಸಾಮಗ್ರಿಗೆ ಕೊರತೆ ಇರದು. ತಂಕಾ ಐದು ಸಾಲು, 5-7-5-7-7. ತ್ಸುರಯುಕಿ ಡೈರಿಯಲ್ಲಿ ಇದ್ದದ್ದು ಈ ಅಳತೆಯೇ. ಹೈಕುವಿನಲ್ಲಿ ಬಾಯಿ ಮುಚ್ಚಿಕೊಂಡಿದ್ದ ಮನಸ್ಸು ಇಲ್ಲಿ ಕೊನೆಯ ಎರಡು ಸಾಲಿನಲ್ಲಿ ಮಾತಾಡಬಹುದು. ರಾತ್ರಿ ಹೊತ್ತಿಗೆ ಇದು ಒಗ್ಗುತ್ತದೆ:

ಲಾಡ್ಜಿನ ಕೋಣೆ
ಹಿಂದೆ ಇದ್ದವರ್ಯಾರೋ
ಮರೆತ ಹೇರ್‌ಪಿನ್
ಮನೆಗೆ ಫೋನ್ ಮಾಡಿದೆ
ಸುಮ್ನೆ, ಏನೂ ಇಲ್ಲದೆ

ಹೊರಡಲು ಇನ್ನೂ ಸಮಯ ಇದೆ. ಅಷ್ಟರಲ್ಲಿ ಎರಡು ಭಾನುವಾರ ಲಾಲ್‌ಬಾಗಿಗೆ ಹೋಗಿ. ಜಯನಗರದಿಂದ ಎಷ್ಟು ದೂರ? ಹೈಕು ಬರೆಯಲೆಂದೇ ಗುಂಪಾಗಿ ಒಂದು ಜಾಗಕ್ಕೆ ನಡೆದು ಹೋಗುವುದಕ್ಕೆ ಜಪಾನಿನಲ್ಲಿ ಗಿಂಕೋ ಅನ್ನುತ್ತಾರೆ. ನಾವೂ ಕೆಲವರು ಹಾಗೆ ಹೋಗುತ್ತೇವೆ. ಒಂದು ಗಂಟೆ ಮಾತಾಡದೆ ತಿರುಗುವುದು, ಆಮೇಲೆ ಬರೆದದ್ದನ್ನು ಹೆಸರು ಹಾಕದೆ ಚೀಟಿಯಲ್ಲಿ ಹರಡಿ ಒಬ್ಬೊಬ್ಬರೂ ಇಷ್ಟವಾದದ್ದನ್ನು ಆರಿಸುವುದು. ಹೆಸರು ಇಲ್ಲದ್ದರಿಂದ ಮುಲಾಜಿಲ್ಲ. ನನ್ನದನ್ನು ಯಾರೂ ಆರಿಸದ ದಿನಗಳು ಬೇಕಾದಷ್ಟಿವೆ. ಲಾಲ್‌ಬಾಗಿನ ದೊಡ್ಡ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮೇಲೆ ಕೂತವರೆಲ್ಲ ಮೊದಲ ವಾರ ಆ 300 ಕೋಟಿಯ ಮೇಲೆಯೇ ಬರೆಯುತ್ತಾರೆ. ಎರಡನೇ ವಾರ ಒಬ್ಬರಾದರೂ ಬಂಡೆಯ ಗುಳಿಯಲ್ಲಿ ನಿಂತ ನೀರನ್ನೋ, ಅಲ್ಲಿ ಚಪ್ಪಲಿ ಬಿಟ್ಟು ಕೂತವರನ್ನೋ ನೋಡುತ್ತಾರೆ. ಎರಡು ಭಾನುವಾರ ಅಂದದ್ದು ಅದಕ್ಕೇ. ಮಳೆ ಬಂದು ಹೋಗಲಾಗದಿದ್ದರೆ ಬಾಲ್ಕನಿಯೂ ಆದೀತು. ‘ಹೈಕು’ ಅನ್ನುವ ಹೆಸರನ್ನು ಗಟ್ಟಿ ಮಾಡಿದ ಮಸಾವೊಕಾ ಶಿಕಿ ಬೆನ್ನುಮೂಳೆಯ ಕ್ಷಯದಿಂದ ಕೊನೆಯ ವರ್ಷಗಳನ್ನು ಹಾಸಿಗೆಯಲ್ಲೇ ಕಳೆದ. ಕಿಟಕಿಯಾಚೆಯ ಸಣ್ಣ ತೋಟವೇ ಅವನಿಗೆ ಊರು. 1902ರಲ್ಲಿ 34ಕ್ಕೇ ತೀರಿಹೋಗುವವರೆಗೆ ಅಲ್ಲಿಂದಲೇ ಬರೆದ.

ಕೊನೆಯದಾಗಿ ನಿಮ್ಮ ಯಜಮಾನರು. ದಯವಿಟ್ಟು ಅವರ ಜೊತೆ ಜಗಳ ಮಾಡಬೇಡಿ, ಅವರು ನಿಮಗೆ ಬೇಕು. ಬಾಶೋ ಜೊತೆಗಿದ್ದ ಸೋರಾ ಕೂಡ ತನ್ನದೇ ಡೈರಿ ಇಟ್ಟಿದ್ದ. ಎಷ್ಟು ಹೊತ್ತಿಗೆ ಹೊರಟೆವು, ಮಳೆ ಬಂತಾ, ಎಷ್ಟು ದೂರ ನಡೆದೆವು, ಯಾರ ಮನೆಯಲ್ಲಿ ಉಳಿದೆವು, ಇಂಥದ್ದೇ. ಅದು ಅಚ್ಚಾಗಿ ಹೊರಗೆ ಬಂದದ್ದು 1943ರಲ್ಲಿ. ಆಗ ಗೊತ್ತಾಯಿತು, ಬಾಶೋ ದಿನಗಳನ್ನು ಹಿಂದೆ ಮುಂದೆ ಮಾಡಿದ್ದಾನೆ, ಇಲ್ಲದ್ದನ್ನು ಸೇರಿಸಿದ್ದಾನೆ ಅಂತ. ಒಂದು ಛತ್ರದಲ್ಲಿ ಪಕ್ಕದ ಕೋಣೆಯಲ್ಲಿ ಇಬ್ಬರು ಗಣಿಕೆಯರು ಇದ್ದರು, ಅವರ ಬಗ್ಗೆ ಪದ್ಯ ಹೇಳಿದೆ, ಸೋರಾ ಬರೆದುಕೊಂಡ ಅಂತ ಬಾಶೋ ಪುಸ್ತಕದಲ್ಲಿ ಇದೆ. ಸೋರಾನ ಡೈರಿಯಲ್ಲಿ ಅದರ ಸುಳಿವೇ ಇಲ್ಲ.

ಹಾಗಾಗಿ ಅವರು ಮೊಬೈಲಿನಲ್ಲಿ ಟೈಮು, ಖರ್ಚು ಬರೆಯಲಿ. ನೀವು ಇಡ್ಲಿಯ ಲೆಕ್ಕವನ್ನು ಪೂರ್ತಿ ಅವರಿಗೆ ಬಿಟ್ಟುಕೊಡಿ. ಮನೆಗೆ ಬಂದು ನಿಮ್ಮದನ್ನು ತಿದ್ದಲು ಕೂತಾಗ ಯಾವ ಸ್ಟೇಷನ್, ಎಷ್ಟು ಗಂಟೆ ಅಂತ ಅವರನ್ನೇ ಕೇಳಿ. ದಾರಿಯಲ್ಲಿ ಅವರೂ ಮೂರು ಸಾಲು ಹೇಳಿದರೆ, ಹೇಳುತ್ತಾರೆ ನೋಡಿ, 57 ಸುರಂಗ ಅಂದರೆ ಸಮಯ ಬೇಕಾದಷ್ಟಿದೆ, ಅದನ್ನೂ ನಿಮ್ಮ ಡೈರಿಯಲ್ಲಿ ಅವರ ಹೆಸರು ಹಾಕಿ ಸೇರಿಸಿ.